ನೇರ ವೈರು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನಾನು ಹಾಲು ಕುಡಿಯುವ ವಯಸ್ಸಿನಲ್ಲೇ ಕಲಿತವನು. ಹಾಗಾಗಿ ಮಾಮೂರ್ ಉಸ್ತಾ ನನ್ನ ಬೇಸ್ ಗಿಟಾರನ್ನು ರಿಪೇರಿ ಮಾಡಿ, ನಗುನಗುತ್ತಾ ಕೈಗಿತ್ತು, ಜೊತೆಗೊಂದು ಕಲ್ಲಂಗಡಿಯನ್ನೂ ಹೊರಿಸಿ ಕಳಿಸಿದಾಗಲೇ ನನಗೆ ಸಂಶಯ ಬಂತು. ರಿಪೇರಿಯವನು ಗಿರಾಕಿಗೆ ಹಣ್ಣು ಕೊಡುವುದುಂಟೇ?

ಉಜ್ಬೆಕಿಸ್ತಾನದ ಕೋಕಂದ್ ಊರಿನ ಮದುವೆಗಳಲ್ಲಿ ನುಡಿಸುವ ನಮ್ಮ ತಂಡಕ್ಕೆ ಎರ್ಗಾಶ್ ಅಕಾ, ಅಂದರೆ ಎರ್ಗಾಶಣ್ಣ, ಯಜಮಾನ. ನನ್ನ ಬೇಸ್ ಒಂದು ತಿಂಗಳಿಂದ ಗುಂಯ್ ಎನ್ನುತ್ತಿತ್ತು. "ನಿಶಾನ್, ಭಾನುವಾರದ ಮದುವೆಗೂ ಈ ಜೇನುಗೂಡು ಹೊತ್ಕೊಂಡು ಬಂದ್ರೆ ನಿನ್ನ ಜಾಗಕ್ಕೆ ಇಲ್ಹೋಮ್ ಬರ್ತಾನೆ, ತಿಳೀತಾ?" ಎಂದು ಎಲ್ಲರೆದುರೇ ಹೇಳಿದ್ದ. ಹನ್ನೊಂದು ವರ್ಷ ನಾನು ನಿಂತ ಜಾಗ ಅದು. ಅದೊಂದನ್ನು ಬಿಟ್ಟರೆ ಊರಲ್ಲಿ ನನಗೆ ಬೇರೆ ಹೆಸರಿಲ್ಲ. ಈ ಇಲ್ಹೋಮ್ ಯಾರು? ಮಾಮೂರ್ ಉಸ್ತಾನ ಸ್ವಂತ ಅಕ್ಕನ ಮಗ! ಊರಿನಲ್ಲಿ ಇಂಥ ರಿಪೇರಿ ಬಲ್ಲ ಉಸ್ತಾ, ಅಂದರೆ ಕುಶಲಕರ್ಮಿ, ಅವನೊಬ್ಬನೇ. ಕುರಿ ಕಾಯಲು ತೋಳನನ್ನೇ ಕರೆದ ಹಾಗಾಗಿತ್ತು ನನ್ನ ಪಾಡು.

ಮನೆಗೆ ಬಂದು ಆಂಪ್ಲಿಫೈಯರಿಗೆ ಹಚ್ಚಿ ನೋಡಿದೆ. ಗುಂಯ್ ಸದ್ದು ಬಹುಪಾಲು ಹೋಗಿತ್ತು. ಕಿವಿಗೊಟ್ಟರೆ ಮಾತ್ರ ಒಂದೆಳೆ ಉಳಿದಿತ್ತು.

"ನನಗೇನೂ ಕೇಳಿಸ್ತಿಲ್ವಲ್ರೀ" ಎಂದಳು ಹೆಂಡತಿ ಸನೋಬರ್.

"ನಿನಗೆ ಕೇಳಿಸಲ್ಲ. ಎರ್ಗಾಶನಿಗೆ ಕೇಳಿಸುತ್ತೆ. ಅಷ್ಟು ಲೆಕ್ಕ ಹಾಕಿಯೇ ಉಳಿಸಿದಾನೆ ಮುದುಕ."

"ನಿಮಗೆ ಬೆಕ್ಕು ಬಾಲ ಅಲ್ಲಾಡಿಸಿದ್ರೂ ಪಿತೂರಿ."

ಬೇಸಿನ ಬೆನ್ನಿನ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಹೊಸ ವೈರು, ಅಕ್ಕಿಕಾಳಿನಷ್ಟು ಚೊಕ್ಕವಾದ ಬೆಸುಗೆಗಳು. ತಂತಿಗಳನ್ನು ಹಿಡಿದಿರುವ ಲೋಹದ ಪಟ್ಟಿಯಿಂದ ಒಂದು ವೈರು ಸೀದಾ ವಾಲ್ಯೂಮ್ ತಿರುಪಿನ ಬೆನ್ನಿಗೆ ಬರಬೇಕು. ಮೊದಲು ಹಾಗೇ ಇತ್ತು. ಈಗ ಅದನ್ನು ನಡುವೆ ಕತ್ತರಿಸಿ, ಕಡಲೆಬೇಳೆ ಗಾತ್ರದ ಕಂದು ಬಿಲ್ಲೆಯೊಂದನ್ನು ಕೂರಿಸಿದ್ದ!

"ನೋಡು! ನಾನು ಇಡು ಅನ್ನದೇ ಇರೋದನ್ನೂ ಇಟ್ಟು ಕಳಿಸಿದಾನೆ. ಪುಕ್ಕಟೆ ಯಾರಾದ್ರೂ ಏನಾದ್ರೂ ಇಡ್ತಾರಾ?"

"ಹೋಗಿ ಅವರನ್ನೇ ಕೇಳಬಾರದಾ?"

"ಕಳ್ಳನ್ನ ಕೇಳಿದ್ರೆ ಕದ್ದೆ ಅಂತಾನಾ?"

ಬಿಲ್ಲೆಯನ್ನು ಕಿತ್ತು ಬಿಸಾಕಿ, ನೇರ ವೈರನ್ನು ನಾನೇ ಬೆಸೆದೆ. ಬೆಸುಗೆ ಉಂಡೆ ಉಂಡೆಯಾಯಿತು, ಆದರೇನು? ಉಳಿದಿದ್ದ ಒಂದೆಳೆ ಸದ್ದೂ ಸತ್ತಿತು. ಮುದುಕನ ಆಟ ಹಿಡಿದುಬಿಟ್ಟೆನೆಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಭಾನುವಾರದ ಮದುವೆಯಂಗಳದಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅದಕ್ಕೆ ನನ್ನ ಆಂಪ್ಲಿಫೈಯರ್ ಹಚ್ಚಿ, ಮೈಕಿಗೆ ಪಕ್ಕದ ಮನೆಯಿಂದ ಕರೆಂಟು ಎಳೆದಿದ್ದರು. ಇಂಥ ಕಡೆ ಮೈಕಿಗೆ ತುಟಿ ತಾಗಿದರೆ ಚುರುಕ್ಕೆನ್ನುವುದು ನಮಗೆ ಹೊಸದಲ್ಲ. ಅದಕ್ಕೇ ಮೈಕಿಗೆ ಕರವಸ್ತ್ರ ಸುತ್ತುತ್ತೇವೆ. ಜುಲೈ ಸೆಕೆಗೆ ಆ ವಸ್ತ್ರ ಬೆವರಿನಲ್ಲಿ ತೊಯ್ದುಹೋಗಿತ್ತು. ಎರಡನೇ ಹಾಡಿಗೆ ಎರ್ಗಾಶ್ ನನ್ನತ್ತ ತಿರುಗಿ ತಲೆದೂಗಿದ. ಅತಿಥಿಗಳ ನಡುವೆ ಪಲಾವ್ ತಿನ್ನುತ್ತಿದ್ದ ಇಲ್ಹೋಮನನ್ನು ನೋಡಿ ನಾನು ಮನಸ್ಸಿನಲ್ಲೇ ನಕ್ಕೆ. ಎರಡೂ ಕೈ ತಂತಿಯ ಮೇಲಿದ್ದಂತೆ ದನಿಗೂಡಿಸಲು ಮೈಕಿಗೆ ಬಾಯಿಟ್ಟೆ.

ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ. ತುಟಿ ಸುಟ್ಟಿತ್ತು, ಎಡಗೈ ಭುಜದಿಂದ ಕೆಳಗೆ ಜೋಮು ಹಿಡಿದಿತ್ತು. ಮಂಚದ ಪಕ್ಕದಲ್ಲಿ ಎರ್ಗಾಶ್, ಸನೋಬರ್. ಮಾಮೂರ್ ಉಸ್ತಾ ನನ್ನ ಬೇಸನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ಬಿಚ್ಚುತ್ತಿದ್ದ.

"ಕರೆಂಟು ತಂತಿ ತನಕ ಬರದ ಹಾಗೆ ಇಲ್ಲೊಂದು ತಡೆಬಿಲ್ಲೆ ಇಟ್ಟಿದ್ದೆ" ಎಂದ ಉಸ್ತಾ ಮೆಲ್ಲಗೆ. "ಈಗ ಇಲ್ಲ."

"ಇಟ್ಟಿದ್ರೆ ತಾನೇ ಇರೋದು!" ಎರ್ಗಾಶ್ ಸಿಡಿದ. "ಮನುಷ್ಯನ್ನ ಕೊಲ್ತಿದ್ದೆಯಲ್ಲೋ ಮುದುಕಾ! ನಿಶಾನ್, ಇವನ ಕೈಕೆಲಸ ಅಂತ ಒಂದು ಮಾತು ಹೇಳು ಸಾಕು. ಇನ್ಯಾವ ತಂಡವೂ ಇವನ ಹತ್ರ ಸುಳಿಯದ ಹಾಗೆ ಮಾಡ್ತೀನಿ. ಇಲ್ಹೋಮನೂ ಬೇಡ. ಕೈ ವಾಸಿಯಾಗೋವರೆಗೂ ನಿನ್ನ ಜಾಗ ಖಾಲಿ ಬಿಟ್ಟಿರ್ತೀನಿ."

ಉಸ್ತಾ ನನ್ನ ಉಂಡೆ ಬೆಸುಗೆಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದ. ಅದು ಯಾರ ಕೈಯದೆಂದು ಅವನಿಗೆ ತಿಳಿಯದೇ? ಯಾಕೆ ಬಾಯಿ ಬಿಡುತ್ತಿಲ್ಲ? ಇದರಲ್ಲೂ ಏನೋ ಹೂಟವಿದೆಯೆಂದೇ ನನಗನ್ನಿಸಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಸನೋಬರ್ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ಕುಗ್ಗಿಹೋದೆ.

"ನಾನೇ ಕಿತ್ತದ್ದು" ಎಂದೆ.

ಎರ್ಗಾಶ್ ನನ್ನನ್ನೊಮ್ಮೆ ಉಸ್ತಾನನ್ನೊಮ್ಮೆ ನೋಡಿದ. "ಹಾಗಾದ್ರೆ ಗುರುವಾರದಿಂದ ಇಲ್ಹೋಮ್ ನುಡಿಸ್ತಾನೆ" ಎಂದು ಟೋಪಿ ಸರಿಮಾಡಿಕೊಂಡು ಹೊರಟುಹೋದ.

ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಕೊಡುವಾಗಲೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಉಸ್ತಾ?"

ಅವನು ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಗಿಮಾಡುತ್ತಿದ್ದ.

"ಹೇಳಿದ್ರೆ ನಂಬ್ತಿದ್ಯೇನಪ್ಪಾ?"

ನಂಬುತ್ತಿರಲಿಲ್ಲ. ಅವನ ಅಂಗಡಿ ಮೆಟ್ಟಿಲ ಮೇಲೇ ಕಿತ್ತು ಬಿಸಾಡುತ್ತಿದ್ದೆ.