ಬೇಕಂತಲೇ ಮಾಡಿದ ತಪ್ಪು

ನನ್ನ ಕ್ಲಾಸಿನಲ್ಲಿ ದಿನಕ್ಕೊಂದು ತಪ್ಪು ಇರುತ್ತದೆ. ಬೋರ್ಡಿನ ಮೇಲೆ, ನನ್ನ ಕೈಯಿಂದಲೇ, ಬೇಕಂತಲೇ ಬರೆದದ್ದು. ಮಕ್ಕಳು ಅದನ್ನು ಹಿಡಿಯಬೇಕು. ಹಿಡಿಯುವ ತನಕ ನಾನು ಅಳಿಸುವುದಿಲ್ಲ, ಸುಳಿವೂ ಕೊಡುವುದಿಲ್ಲ. ಲೆಕ್ಕದ ಟೀಚರಾದ ದಿನದಿಂದ ಇದೇ ನನ್ನ ಪದ್ಧತಿ. ಊರು ಬಿಟ್ಟು ದೇಶ ದಾಟಿ ಬಂದರೂ ಇದನ್ನು ಬಿಟ್ಟಿಲ್ಲ. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ ಎಂದು ಅಕ್ಕ ಫೋನಿನಲ್ಲಿ ಬೈಯುವುದು ಇದಕ್ಕೇ.

ಈ ಆಟದಲ್ಲಿ ನನ್ನ ಮಗಳು ಮಾತ್ರ ಕೈ ಎತ್ತುವ ಹಾಗಿರಲಿಲ್ಲ. ಅವಳು ನನ್ನದೇ ಶಾಲೆಯಲ್ಲಿ, ನನ್ನದೇ ಕ್ಲಾಸಾದ ಏಳು ಬಿ ಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಅಮ್ಮ ಹೇಳಿಕೊಟ್ಟು ಕಳಿಸಿದ್ದಾಳೆ ಎಂದು ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೆ ನಾನೇ ಹಾಕಿದ ನಿಯಮ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ತಪ್ಪು ಕಂಡ ಕೂಡಲೇ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದಳು. ಅವಳು ಹಾಗೆ ಕೂತರೆ ತಪ್ಪು ಅವಳ ಕಣ್ಣಿಗೆ ಬಿದ್ದಿದೆ ಎಂದೇ ಅರ್ಥ.

ಹೋದ ತಿಂಗಳು ಶಾಲೆಗೆ ತಪಾಸಣೆಯವರು ಬಂದರು. ಟೈ ಕಟ್ಟಿದ ಇಬ್ಬರು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತರು. ಪಕ್ಕದಲ್ಲಿ ನಮ್ಮ ಪ್ರಿನ್ಸಿಪಾಲರು. ಸುಕ್ಕಿಲ್ಲದ ಅಂಗಿ, ಸುಕ್ಕಿಲ್ಲದ ಮುಖ. ಸ್ಟಾಫ್ ರೂಮಿನಲ್ಲಿ ನಾವು ಅವರಿಗಿಟ್ಟ ಹೆಸರು ಇಸ್ತ್ರಿ. ಅಂದು ನಾನು ಬೋರ್ಡಿನ ಮೇಲೆ, ಕೋಣೆಯ ಉದ್ದ ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ನೆಲಕ್ಕೆ ಬೇಕಾಗುವ ಟೈಲ್ಸೂ ದುಪ್ಪಟ್ಟು ಎಂದು ಬರೆದು ಪಕ್ಕಕ್ಕೆ ಸರಿದು ನಿಂತೆ. ದುಪ್ಪಟ್ಟಲ್ಲ, ನಾಲ್ಕು ಪಟ್ಟು ಬೇಕು ಎನ್ನುವುದು ಆ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ.

ಒಬ್ಬರೂ ಕೈ ಎತ್ತಲಿಲ್ಲ. ದಿನವೂ ನಾ ಮುಂದು ತಾ ಮುಂದು ಎಂದು ಬೆಂಚು ಹತ್ತುವ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವು. ನಾನು ಕಾದೆ. ಮಗಳ ಕೈ ತೊಡೆಯ ಕೆಳಗಿತ್ತು. ತಪ್ಪು ಬೋರ್ಡಿನ ಮೇಲಿರುವಾಗಲೇ ಬೆಲ್ ಹೊಡೆಯಿತು.

ತಪಾಸಣೆಯವರು ಹೊರಗೆ ಹೋದ ಮೇಲೆ ಮುಂದಿನ ಬೆಂಚಿನ ಹುಡುಗಿ ಹೆಮ್ಮೆಯಿಂದ ಹೇಳಿದಳು: “ನಮಗೆಲ್ಲಾ ಗೊತ್ತಿತ್ತು ಮೇಡಂ. ಅಷ್ಟು ದೊಡ್ಡೋರ ಮುಂದೆ ನಿಮ್ಮ ಮರ್ಯಾದೆ ತೆಗೀಬಾರದು ಅಂತ ಯಾರೂ ಹೇಳ್ಬೇಡಿ ಅಂತ ಬೆಳಿಗ್ಗೆನೇ ಮಾತಾಡ್ಕೊಂಡಿದ್ವಿ.”

ನನ್ನ ಮೇಲಿನ ಪ್ರೀತಿಯಿಂದಲೇ ನನ್ನ ಕತ್ತಿಗೆ ಹಗ್ಗ ಬಿಗಿದಿದ್ದವು ಆ ಮಕ್ಕಳು! ತಲೆ ಸವರಿ ಕಳಿಸಿದೆ.

ತಪಾಸಣೆಯ ವರದಿಯಲ್ಲಿ ‘ಶಿಕ್ಷಕಿಗೆ ಮೂಲ ಗಣಿತವೇ ಸರಿಯಾಗಿ ಬರುವುದಿಲ್ಲ’ ಎಂದಿತ್ತು. ನಾನು ವರ್ಷದ ನಡುವೆ ಸೇರಿದವಳು, ಹಾಗಾಗಿ ನನ್ನ ಕಾಂಟ್ರಾಕ್ಟು ಮುಗಿಯುವುದೂ ವರ್ಷದ ನಡುವೆಯೇ. ಇಸ್ತ್ರಿ ಸಾಹೇಬರು ಕರೆಸಿದರು.

“ತಪ್ಪಾಯ್ತು, ತರಬೇತಿ ತಗೋತೀನಿ ಅಂತ ಬರ್ಕೊಡಿ. ಸಹಾಯಕ ಟೀಚರ್ ಅಂತ ಮುಂದುವರಿಸೋಣ” ಎಂದರು.

“ತಪ್ಪಾಗಿದ್ರೆ ತಾನೇ ಸರ್ ಬರ್ಕೊಡೋದು? ಅದು ನಾನು ಮಾಡಿದ ತಪ್ಪು, ನನ್ನಿಂದ ಆದ ತಪ್ಪಲ್ಲ.”

“ವರದಿ ವರದಿನೇ ಮೇಡಂ.”

“ಹಾಗಾದ್ರೆ ಕಾಂಟ್ರಾಕ್ಟು ಮುಗಿದದ್ದೂ ಮುಗಿದದ್ದೇ” ಎಂದು ಎದ್ದು ಬಂದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಹೆದರಿಕೆಗಿಂತ ಸಿಟ್ಟು ಒಂದು ತೂಕ ಹೆಚ್ಚಾಗಿತ್ತು.

ಹೆದರಿಕೆಗೂ ಕಾರಣವಿತ್ತು. ನನ್ನ ಕೆಲಸದ ವೀಸಾದ ಬಾಲ ಹಿಡಿದುಕೊಂಡೇ ಗಂಡ, ಮಗಳು ಈ ದೇಶದಲ್ಲಿರುವುದು. ತಿಂಗಳೊಳಗೆ ಬೇರೆ ಶಾಲೆ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಹಳೆಯ ಶಾಲೆಯಲ್ಲಿ ಮಗಳ ಸೀಟೂ ನನ್ನ ಕೆಲಸದ ಜೊತೆಗೇ ಹೋಯಿತು. ವರ್ಷದ ನಡುವೆ ಇಲ್ಲಾಗಲಿ ಊರಲ್ಲಾಗಲಿ ಹೊಸ ಮಕ್ಕಳನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ; ಟೀಚರುಗಳ ಮಕ್ಕಳಿಗೆ ಮಾತ್ರ ಆ ವಿನಾಯಿತಿ. ನನಗೆ ಕೆಲಸ ಸಿಕ್ಕರೆ ಮಗಳಿಗೆ ಏಳನೇ ಕ್ಲಾಸು. ಇಲ್ಲದಿದ್ದರೆ ಅವಳ ಒಂದು ವರ್ಷ ನೀರಿನಲ್ಲಿ ಹೋಮ.

ಇಲ್ಲಿಯ ನಗರದ ಇನ್ನೊಂದು ತುದಿಯ ಶಾಲೆಯಲ್ಲಿ ಲೆಕ್ಕದ ಟೀಚರ್ ಹೆರಿಗೆ ರಜೆಗೆ ಹೋಗಿದ್ದರು. ನನ್ನ ಅರ್ಜಿ ನೋಡಿ ಅಲ್ಲಿಯ ಹೆಡ್ ಮೇಡಂ ಫೋನು ಮಾಡಿದರು. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ.

“ನಿಮ್ಮ ವರದಿ ನೋಡಿದೀನಿ. ಆದ್ರೂ ಬನ್ನಿ, ಒಂದು ಪಾಠ ಮಾಡಿ ತೋರಿಸಿ. ತಪ್ಪಿಲ್ಲದ ಪಾಠ. ಮಗಳನ್ನೂ ಕರ್ಕೊಂಡು ಬನ್ನಿ, ಶಾಲೆ ನೋಡ್ಲಿ.”

ಆ ಸಂಜೆ ಅಡುಗೆಮನೆಯಲ್ಲಿ ಸಭೆ ಸೇರಿತು. ನಮ್ಮನೆಯವರು ಪಾತ್ರೆ ತೊಳೆಯುತ್ತಿದ್ದರು. ಇಲ್ಲಿಗೆ ಬಂದ ಮೇಲೆ ನಾನು ದುಡಿಯುವವಳು, ಮನೆ ನೋಡಿಕೊಳ್ಳುವವರು ಅವರು. ‘ನಮ್ಮನೆಯವರು’ ಎನ್ನುವ ಮಾತು ಅವರಿಗೊಪ್ಪುವಷ್ಟು ಇನ್ಯಾವ ಗಂಡನಿಗೂ ಒಪ್ಪಲಿಕ್ಕಿಲ್ಲ.

“ಒಂದೇ ಒಂದು ದಿನ ಸರಿಯಾಗಿ ಬರೆದು ಬಂದ್ಬಿಡು ಮಾರಾಯ್ತಿ” ಎಂದರು. “ಆಮೇಲೆ ವರ್ಷವಿಡೀ ಬೇಕಾದಷ್ಟು ತಪ್ಪು ಮಾಡು.”

“ಗಾಳಿ ಬಂದಾಗ ತೂರ್ಕೋಬೇಕು ಕಣೇ” ಎಂದಳು ಮೇಜಿನ ಮೇಲಿದ್ದ ಫೋನಿನಿಂದ ಅಕ್ಕ. “ಗಾಳಿ ಜೊತೆ ಜಗಳಕ್ಕೆ ನಿಲ್ಬಾರದು.”

ಇಬ್ಬರ ಮಾತೂ ಸರಿಯಾಗಿಯೇ ಇತ್ತು. ನಾನು ಹೂಂ ಎಂದೆ. ಮನಸ್ಸಿನಿಂದಲೇ ಹೂಂ ಎಂದೆ. ಆ ತಪಾಸಣೆಯ ದಿನದಿಂದ ಮಗಳ ಮಾತೇ ಕಡಿಮೆಯಾಗಿತ್ತು. ಮಲಗುವ ಮುಂಚೆ ಬಂದು, “ನಾಳೆ ಆಟ ಇರುತ್ತಾ ಅಮ್ಮ?” ಎಂದು ಕೇಳಿದಳು.

“ಇಲ್ಲ.”

ಅವಳು ಹೋಗಿ ಮಲಗಿದಳು.

ಹೊಸ ಶಾಲೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ಎಲ್ಲ ಬಾಗಿಲುಗಳ ಮೇಲೂ ಒಂದೇ ಅಳತೆಯ ಬೋರ್ಡು. ನಾನು ಪಾಠ ಮಾಡಬೇಕಾಗಿದ್ದದ್ದು ಏಳು ಸಿ. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ, ಅವರ ಪಕ್ಕದಲ್ಲಿ ಗಣಿತ ವಿಭಾಗದ ಹಿರಿಯ ಮೇಷ್ಟ್ರು. ಮೇಷ್ಟ್ರ ಮುಖ ನೋಡಿದರೆ ಹುಳಿ ತಿಂದವರ ಹಾಗಿತ್ತು. ಕೊನೆಯಲ್ಲಿ, ಕಿಟಕಿಯ ಪಕ್ಕ, ನನ್ನ ಮಗಳು.

ಶೇಕಡಾವಾರು ಪಾಠ ಶುರು ಮಾಡಿದೆ. ತಪ್ಪಿಲ್ಲದ ಮೊದಲ ಸಾಲು, ತಪ್ಪಿಲ್ಲದ ಎರಡನೆಯ ಸಾಲು. ಮಕ್ಕಳು ಬಗ್ಗಿಸಿದ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಶಿಸ್ತೆಂದರೆ ಶಿಸ್ತು. ನನ್ನ ಕೈ ಓಡಿದರೆ ಎಲ್ಲರ ಕೈಯೂ ಓಡುತ್ತಿತ್ತು, ನಾನು ನಿಂತರೆ ಎಲ್ಲವೂ ನಿಲ್ಲುತ್ತಿತ್ತು. ಬೆಂಚುಗಳ ನಡುವೆ ನಡೆಯುತ್ತಾ ಒಂದು ಪುಸ್ತಕಕ್ಕೆ ಬಗ್ಗಿ ನೋಡಿದೆ. ಮೇಲಿನ ಮೂಲೆಯಲ್ಲಿ ‘ಏಳು ಬಿ’ ಎಂದಿತ್ತು. ಪಕ್ಕದ ಪುಸ್ತಕದಲ್ಲೂ ಏಳು ಬಿ. ಅದರ ಪಕ್ಕದಲ್ಲೂ.

ತಿರುಗಿ ಬೋರ್ಡು ನೋಡಿದೆ. ಹಳೆಯ ಶಾಲೆಯ ಅಭ್ಯಾಸಬಲದಿಂದ ಮೂಲೆಯಲ್ಲಿ ಏಳು ಬಿ ಎಂದು ಬರೆದವಳು ನಾನೇ. ಏಳು ಸಿ ಮಕ್ಕಳು ತಮ್ಮದೇ ಕ್ಲಾಸನ್ನು ಮರೆತು ನನ್ನದನ್ನು ಬರೆದುಕೊಂಡಿದ್ದರು! ಬೋರ್ಡಿನ ಮೇಲೆ ಬಂದರೆ ತಮ್ಮ ಅಪ್ಪ ಅಮ್ಮನನ್ನೂ ಬದಲಾಯಿಸಿಕೊಳ್ಳುತ್ತಿದ್ದರೇನೋ.

ನನ್ನ ಸಿಟ್ಟು ನೆತ್ತಿಗೇರಿತು. ಮಕ್ಕಳ ಮೇಲಲ್ಲ. ಇವರ ತಲೆಯನ್ನು ಹೀಗೆ ಬಗ್ಗಿಸಿಟ್ಟವರ ಮೇಲೆ, ಹಾಗೆಯೇ ಬಗ್ಗಿ ಬಿಡಲು ಹೂಂ ಎಂದು ಬಂದಿದ್ದ ನನ್ನ ಮೇಲೆ. ಗಾಳಿ, ತೂರಿಕೊಳ್ಳುವುದು ಎಲ್ಲ ಮರೆತುಹೋಯಿತು. ಸೀಮೆಸುಣ್ಣ ಎತ್ತಿಕೊಂಡೆ.

‘ತೊಟ್ಟಿಯಲ್ಲಿ ನೂರು ಲೀಟರ್ ನೀರಿದೆ. ಶೇಕಡ ಇಪ್ಪತ್ತು ಕಡಿಮೆಯಾಯಿತು. ಉಳಿದದ್ದಕ್ಕೆ ಶೇಕಡ ಇಪ್ಪತ್ತು ಸೇರಿತು. ಆದ್ದರಿಂದ ಮತ್ತೆ ನೂರು ಲೀಟರ್.’

“ನನ್ನ ಕ್ಲಾಸಲ್ಲಿ ಒಂದು ನಿಯಮ ಇದೆ” ಎಂದೆ. “ಬೋರ್ಡಲ್ಲಿ ತಪ್ಪಿರಬಹುದು. ಇದ್ರೆ ನೀವು ಹಿಡೀಬೇಕು.” ಪಕ್ಕಕ್ಕೆ ಸರಿದು ನಿಂತೆ.

ಮಕ್ಕಳು ನೂರು ಲೀಟರನ್ನೂ ಬರೆದುಕೊಂಡರು. ಪೆನ್ನುಗಳು ನಿಂತವು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಹೆಡ್ ಮೇಡಂ ವಾಚು ನೋಡಿಕೊಂಡರು. ಹಿರಿಯ ಮೇಷ್ಟ್ರು ಎದ್ದು ನಿಂತರು.

“ಮೇಡಂ, ಆ ಕೊನೇ ಸಾಲು...”

“ಕೂತ್ಕೊಳ್ಳಿ ಸರ್. ನಿಮಗೆ ಗೊತ್ತು ಅಂತ ನನಗೆ ಗೊತ್ತು. ಮಕ್ಕಳು ಹೇಳ್ಲಿ.”

ಅವರು ಕೂತರು, ಕಿವಿ ಕೆಂಪಾಯಿತು. ಕೆಲಸ ಕೈಬಿಟ್ಟಿತು ಎಂದು ಅಲ್ಲಿಗೇ ನಾನು ಎಳ್ಳುನೀರು ಬಿಟ್ಟೆ. ಆದರೂ ಬೋರ್ಡು ಅಳಿಸಲಿಲ್ಲ. ಇಲ್ಲಿಯೂ ಬೆಲ್ ಹೊಡೆದರೆ ಹೊಡೆಯಲಿ.

ಆಗ ಕಿಟಕಿಯ ಪಕ್ಕದಲ್ಲಿ ತೊಡೆಯ ಕೆಳಗಿಂದ ಒಂದು ಕೈ ಹೊರಗೆ ಬಂತು. ಮೇಲಕ್ಕೆದ್ದಿತು.

“ನೀನಲ್ಲ. ಕೈ ಇಳಿಸು” ಎಂದೆ.

ಮಗಳು ಇಳಿಸಲಿಲ್ಲ. ಎದ್ದು ನಿಂತಳು. “ಅವತ್ತು ಎಲ್ಲರೂ ಸುಮ್ಮನಿದ್ರು ಅಂತ ನಾನೂ ಸುಮ್ಮನಿದ್ದೆ ಅಮ್ಮ. ನಿನ್ನ ಕೆಲಸ ಹೋಯ್ತು. ಇವತ್ತು ಸುಮ್ಮನಿರಲ್ಲ. ಅದು ನೂರಲ್ಲ. ಉಳಿದಿದ್ದು ಎಂಬತ್ತು. ಎಂಬತ್ತಕ್ಕೆ ಇಪ್ಪತ್ತು ಪರ್ಸೆಂಟ್ ಅಂದ್ರೆ ಹದಿನಾರೇ. ತೊಂಬತ್ತಾರು!”

ಇಷ್ಟು ದಿನ ಆ ಪುಟ್ಟ ಎದೆ ಈ ಭಾರ ಹೊತ್ತುಕೊಂಡು ಓಡಾಡುತ್ತಿತ್ತು. ನನ್ನ ನಿಯಮ ನನ್ನ ಮಗಳನ್ನೇ ಅರೆಯುತ್ತಿತ್ತು, ನನಗೆ ಕಂಡಿರಲಿಲ್ಲ.

ಕ್ಲಾಸು ಬಾಯಿ ಬಿಟ್ಟುಕೊಂಡು ಅವಳನ್ನು ನೋಡುತ್ತಿತ್ತು. ಟೀಚರಿಗೆ ತಪ್ಪು ಎಂದವಳಿಗೆ ಏನೂ ಆಗಲಿಲ್ಲ. ಸಿಡಿಲು ಬಡಿಯಲಿಲ್ಲ, ಛಾವಣಿ ಕುಸಿಯಲಿಲ್ಲ. ಅದನ್ನು ಖಾತ್ರಿ ಮಾಡಿಕೊಂಡ ಮೇಲೆ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಮೆಲ್ಲಗೆ ಕೈ ಎತ್ತಿದಳು.

“ಮೇಡಂ... ಮೂಲೆಯಲ್ಲಿರೋದೂ ತಪ್ಪು. ನಾವು ಬಿ ಅಲ್ಲ, ಸಿ.”

“ಭೇಷ್!” ಎಂದೆ. “ಅದು ನಾನು ಬೇಕಂತ ಬರೆದದ್ದಲ್ಲ. ನಿಜವಾದ ತಪ್ಪು. ಅದನ್ನ ಹಿಡಿದೋರೇ ಜಾಣರು.”

ಕಟ್ಟೆ ಒಡೆಯಿತು. ಗೋಡೆಯ ಗಡಿಯಾರ ಹಿಂದಿದೆ ಎಂದಿತು ಒಂದು ದನಿ. ನಕ್ಷೆ ತಲೆಕೆಳಗಾಗಿದೆ ಎಂದಿತು ಇನ್ನೊಂದು, ನಿಜವಾಗಿಯೂ ತಲೆಕೆಳಗಾಗಿತ್ತು. ಮುಂದಿನ ಬೆಂಚಿನ ಹುಡುಗ ತನ್ನ ಪುಸ್ತಕ ತಿರುವಿಹಾಕಿ, “ಹಾಗಾದ್ರೆ ಮೊನ್ನೆ ಸರ್ ಮಾಡಿದ ಲೆಕ್ಕದಲ್ಲೂ...” ಎಂದು ಶುರು ಮಾಡಿ, ಹಿಂದೆ ಕೂತ ಹಿರಿಯ ಮೇಷ್ಟ್ರನ್ನು ನೋಡಿ, ನಾಲಿಗೆ ಕಚ್ಚಿಕೊಂಡು ಕೂತುಬಿಟ್ಟ.

ಬೆಲ್ ಆದ ಮೇಲೆ ಹೆಡ್ ಮೇಡಂ ತಮ್ಮ ಕೋಣೆಗೆ ಕರೆದರು. ನನಗೂ ಮಗಳಿಗೂ ಕುರ್ಚಿ ತೋರಿಸಿದರು. ಹಿರಿಯ ಮೇಷ್ಟ್ರು ಬೀರುವಿಗೆ ಒರಗಿ ನಿಂತಿದ್ದರು.

“ಪಾಠ ಬರುತ್ತೆ ನಿಮಗೆ” ಎಂದರು ಹೆಡ್ ಮೇಡಂ. “ನಾಳೆಯಿಂದಲೇ ಬನ್ನಿ, ಮಗಳಿಗೂ ಸೀಟು ಕೊಡ್ತೀವಿ. ಒಂದೇ ಷರತ್ತು. ಬೋರ್ಡ್ ಮೇಲೆ ಬೇಕಂತ ತಪ್ಪು ಬರೆಯೋ ಹಾಗಿಲ್ಲ. ತಪಾಸಣೆಯವರು ನಮ್ಮಲ್ಲಿಗೂ ಬರ್ತಾರೆ.”

ಕೈಗೆ ಬಂದ ತುತ್ತು ಬಾಯಿಗೆ ಬರುವುದರಲ್ಲಿತ್ತು. ಮಗಳ ಕಡೆ ನೋಡಿದೆ. ಅವಳ ಇಡೀ ವರ್ಷ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೂಂ ಎನ್ನಲೇಬೇಕು ಎಂದುಕೊಂಡೆ, ನಿಜವಾಗಿಯೂ ಎಂದುಕೊಂಡೆ. ಅಷ್ಟರಲ್ಲಿ ಅವಳು ಎದ್ದು, ತನ್ನ ಬ್ಯಾಗನ್ನು ಹೆಗಲಿಗೇರಿಸಿಕೊಂಡು, ನನ್ನ ಕೈಚೀಲವನ್ನೂ ಎತ್ತಿಕೊಂಡಳು.

“ಬಾ ಅಮ್ಮ, ಹೋಗೋಣ.”

ಎದ್ದೆ. “ತಲೆ ಬಗ್ಗಿಸಿ ಬರೆಸೋದಕ್ಕೆ ಟೀಚರ್ ಯಾಕೆ ಮೇಡಂ, ಒಂದು ಝೆರಾಕ್ಸ್ ಮಷೀನ್ ಇಟ್ಕೊಳ್ಳಿ” ಎಂದೆ. “ನನಗೆ ಬೇರೆ ಥರ ಕಲಿಸೋಕೆ ಬರಲ್ಲ. ಬಂದ್ರೂ ಕಲಿಸಲ್ಲ.”

ಬಾಗಿಲ ತನಕ ಹೋಗಿದ್ದೆವು.

“ನಿಲ್ಲಿ” ಎಂದರು ಹಿರಿಯ ಮೇಷ್ಟ್ರು. ನಮ್ಮತ್ತ ನೋಡದೆ, ಹೆಡ್ ಮೇಡಂ ಕಡೆ ತಿರುಗಿ ಹೇಳಿದರು: “ಆ ಹುಡುಗ ಅರ್ಧಕ್ಕೆ ನುಂಗಿದ ಮಾತು ನಿಜ. ರಜೆಯಲ್ಲಿರೋ ಟೀಚರ್ ಬದಲು ಮೊನ್ನೆ ಆ ಕ್ಲಾಸಿಗೆ ಹೋದಾಗ ಇಂಥದ್ದೇ ಲೆಕ್ಕ, ನಾನೂ ನೂರು ಅಂತಲೇ ಬರೆದಿದ್ದೆ. ಬೇಕಂತ ಅಲ್ಲ. ಅವಸರದಲ್ಲಿ. ಒಂದು ಮಗುನೂ ಬಾಯಿ ಬಿಡ್ಲಿಲ್ಲ ಮೇಡಂ. ಇಡೀ ಕ್ಲಾಸಿನ ಪುಸ್ತಕದಲ್ಲಿ ನನ್ನ ತಪ್ಪು ಇವತ್ತಿಗೂ ಹಾಗೇ ಕೂತಿದೆ. ಇಷ್ಟು ವರ್ಷದಲ್ಲಿ ಇನ್ನೆಷ್ಟು ಕೂತಿವೆಯೋ, ನನಗೇ ಗೊತ್ತಿಲ್ಲ.”

ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ತಪಾಸಣೆಯವರು ಬಂದ್ರೆ ಏನು ಹೇಳೋದು?”

“ಮಕ್ಕಳೇ ಹೇಳ್ತಾರೆ ಬಿಡಿ” ಎಂದರು ಮೇಷ್ಟ್ರು. “ಆದ್ರೆ ಈ ಹುಡುಗಿನ ನನ್ನ ಕ್ಲಾಸಿಗೆ ಮಾತ್ರ ಹಾಕ್ಬೇಡಿ, ನನ್ನ ಮಾನ ಉಳಿಯಲ್ಲ.”

ಹೆಡ್ ಮೇಡಂ ಮೊದಲ ಸಲ ನಕ್ಕರು. “ಏಳು ಸಿ ಗೆ ಹಾಕೋಣ. ಆ ಕ್ಲಾಸು ಇನ್ನೂ ಕೂಗಾಡ್ತಾ ಇದೆ, ಕೇಳಿಸ್ತಿದೆಯಾ? ನೀವು ಹಚ್ಚಿದ ಬೆಂಕಿ, ನೀವೇ ನೋಡ್ಕೊಳ್ಳಿ. ಷರತ್ತು ಬಿಟ್ಟೆ.”

ಕಾರಿಡಾರಿನಲ್ಲಿ ಮಗಳು ನನ್ನ ಕೈಚೀಲ ಹೊತ್ತೇ ನಡೆಯುತ್ತಿದ್ದಳು. ಏಳು ಸಿ ಬಾಗಿಲ ಹತ್ತಿರ ನಿಂತಳು.

“ಅಮ್ಮ, ನಾಳೆಯಿಂದ ಮತ್ತೆ ಕೈ ಕೆಳಗಿಟ್ಕೊಂಡು ಕೂರ್ಬೇಕಾ?”

“ಎತ್ತು” ಎಂದೆ. “ಎರಡೂ ಎತ್ತು.”