ಸೀಲಿಲ್ಲದ ಸಂಪರ್ಕ

ಇಂಡೊನೇಷ್ಯಾದ ಸುರಬಾಯಾ ಬಂದರಿನ ನಮ್ಮ ಹಡಗು ಕಚೇರಿಗಾಗಿ ನಾನು ಮೂರು ವಾರ ಕೂತು ಒಂದು ಕಂಪ್ಯೂಟರ್ ಸ್ಕ್ರಿಪ್ಟ್ ಬರೆದೆ. ಬೆಳಿಗ್ಗೆ ಏಳಕ್ಕೆ ಅದು ತಾನಾಗಿಯೇ ಬಂದರಿನ ಸರ್ವರ್ ಕಂಪ್ಯೂಟರನ್ನು ಸಂಪರ್ಕಿಸಿ, ಸರಕಿನ ಪಟ್ಟಿ ಕಳಿಸಿ, ಬಾಯಿ ಮುಚ್ಚಿಕೊಂಡು ಹೊರಬರುತ್ತಿತ್ತು. ಇಷ್ಟು ಸಭ್ಯ ನೌಕರ ನಮ್ಮಲ್ಲಿ ಹಿಂದೆಂದೂ ಇರಲಿಲ್ಲ.

ಇಲ್ಲಿ ಮೇಡಂಗೆ ಬು, ಸಾರ್‌ಗೆ ಪಾಕ್ ಅನ್ನುತ್ತಾರೆ. ಮುಖ್ಯಸ್ಥೆ ಬು ಸುಲಾಸ್ತ್ರಿ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಎಲ್ಲಾ ಸರಿ ಕಣಪ್ಪಾ, ಸೀಲೆಲ್ಲಿ?"

"ಬು, ಇಲ್ಲಿ ಕಂಪ್ಯೂಟರೇ ಕಂಪ್ಯೂಟರ್ ಹತ್ರ ಮಾತಾಡೋದು. ಸೀಲು ಯಾಕೆ?"

"ಸೀಲಿಲ್ದೆ ನನ್ನ ಮದುವೇನೇ ಆಗ್ಲಿಲ್ಲ, ನಿನ್ನ ಫೈಲ್ ಹೋಗುತ್ತಾ?"

ಸರಿ. ಏನೇ ಕಳಿಸುವ ಮೊದಲೂ ಸ್ಕ್ರಿಪ್ಟ್ ನಿಂತು ಕಾಯುವಂತೆ ಮಾಡಿದೆ. ಗುಮಾಸ್ತ ಪಾಕ್ ಮರ್ವೋಟೊ ಅನುಮತಿ ಪತ್ರ ಮುದ್ರಿಸಿ, ನೇರಳೆ ಸೀಲು ಒತ್ತಿ, ಸ್ಕ್ಯಾನ್ ಮಾಡಿದ ಮೇಲೆಯೇ ಅದು ಮುಂದೆ ಹೋಗಬೇಕು. ಸ್ವಯಂಚಾಲಿತ ವ್ಯವಸ್ಥೆಗೆ ಈಗ ಬರೀ ಒಬ್ಬ ಮನುಷ್ಯ, ಒಂದು ಪ್ರಿಂಟರ್, ಒಂದು ಶಾಯಿ ಪ್ಯಾಡ್ ಸಾಕು.

ಮೊದಲ ದಿನ ಹನ್ನೊಂದಾದರೂ ಪಟ್ಟಿ ಬಂದರನ್ನು ಮುಟ್ಟಲಿಲ್ಲ. ಹೋಗಿ ನೋಡಿದರೆ ಮರ್ವೋಟೊ ಮೇಜಿನ ಮೇಲೆ ಪತ್ರಗಳ ರಾಶಿ.

"ಏನ್ ಪಾಕ್, ಇನ್ನೂ ಹೋಗಿಲ್ವಾ?"

"ಎಲ್ಲಿ ಹೋಗುತ್ತೆ ಮಾರಾಯ? ಸೀಲೊತ್ತಿದ ಪತ್ರಾನ ಮೊದಲು ಬಂದರಿನವರಿಗೆ ಕಳಿಸ್ಬೇಕು ಅಂದ್ರು ಬು. ಕಳ್ಸೋದು ನಿನ್ನ ಸ್ಕ್ರಿಪ್ಟೇ. ಅದನ್ನ ಕಳ್ಸೋಕೂ ಇನ್ನೊಂದು ಅನುಮತಿ ಪತ್ರ, ಆ ಪತ್ರಕ್ಕೊಂದು ಸೀಲು, ಮತ್ತೆ ಅದನ್ನೂ ಕಳಿಸ್ಬೇಕು. ಇದು ನಲವತ್ತೆರಡನೇದು."