ಹೈಡ್ರಾಗೆ ಆ ಅಂಗವಿಲ್ಲ

ಬಚ್ಚಪ್ಪ ಮೇಷ್ಟ್ರ ತರಗತಿಯಲ್ಲಿ ಸೆಮಿನಾರಿನ ವಿಷಯವನ್ನು ಚೀಟಿ ಎತ್ತಿಸಿ ಹಂಚುವುದು ವಾಡಿಕೆ. ಬಂಗಾರಪೇಟೆಯ ಆ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಖಾಲಿ ಗಾಜಿನ ಜಾಡಿ, ಅದರೊಳಗೆ ಮಡಿಸಿದ ಚೀಟಿಗಳು. ಸುಧಾಕರನಿಗೆ ಜೇನ್ನೊಣದ ಕಣ್ಣು ಬಂತು, ಲಿಖಿತಳಿಗೆ ಆಕ್ಟೋಪಸ್ಸಿನ ಮೆದುಳು. ಸೆಲ್ವಿ ಕೈ ಚಾಚಿದಾಗ ಮೇಷ್ಟ್ರು ಜಾಡಿಯನ್ನು ಪಕ್ಕಕ್ಕೆ ಸರಿಸಿದರು.

"ನಿಂಗ್ಯಾಕಮ್ಮಾ ಚೀಟಿ? ಅಕಶೇರುಕಗಳ ವಿಸರ್ಜನಾಂಗಗಳ ವಿಕಾಸ, ತಗೋ. ನಿಮ್ಮನೇದೇ ಸಬ್ಜೆಕ್ಟು."

ತರಗತಿ ಗೊಳ್ಳೆಂದು ನಕ್ಕಿತು. ಸೆಲ್ವಿಯ ತಾಯಿ ಅಮ್ಮಾಜಮ್ಮ ಅದೇ ಕಾಲೇಜಿನ ಕಕ್ಕಸು ತೊಳೆಯುವ ಗುತ್ತಿಗೆ ಕೆಲಸದವಳೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಸೆಲ್ವಿಗೆ ಮೈಯೆಲ್ಲ ಉರಿದುಹೋಯಿತು. ಒಲ್ಲೆ ಅನ್ನಬಹುದಿತ್ತು. ಅಂದರೆ ಹತ್ತು ಅಂಕಕ್ಕೆ ಸೊನ್ನೆ, ಎಂ.ಎಸ್ಸಿ. ಸೀಟಿನ ಆಸೆಗೆ ಎಳ್ಳುನೀರು. ಸೀಟು ಕೊಡುವವರು ಅಂಕ ಕೇಳುತ್ತಾರೆಯೇ ಹೊರತು ಅವಮಾನವನ್ನಲ್ಲ.

ಸಂಜೆ ಮಾರಿಕುಪ್ಪಂ ರೈಲಿನಲ್ಲಿ ತಾಯಿಗೆ ಹೇಳಿದಳು.

"ಓಗ್ಲಿ ಬುಡು ಕಣ್ಣಮ್ಮಾ. ಮಾರ್ಕ್ಸು ಅವ್ರ ಕೈಲೈತೆ. ಎದುರು ಮಾತಾಡ್ಬೇಡ," ಎಂದು ಅಮ್ಮಾಜಮ್ಮ ಫಿನಾಯಿಲ್ ವಾಸನೆಯ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಯಾಕೆ ಬಚ್ಚಿಡಬೇಕು? ಸೆಲ್ವಿಗೆ ಮೇಷ್ಟ್ರ ಮೇಲಿನ ಸಿಟ್ಟು ಒಂದು ಗಳಿಗೆ ಅಮ್ಮನ ಮೇಲೆಯೇ ತಿರುಗಿತು.

ನಂದಿದುರ್ಗ ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ್ದ ಲೈನು ಮನೆಯಲ್ಲಿ ವಾರವಿಡೀ ಹಠ ಹಿಡಿದು ಓದಿದಳು. ಮೊದಲು ಗೊತ್ತಾದದ್ದೇನೆಂದರೆ, ಮೇಷ್ಟ್ರ ತಮಾಷೆಯೇ ತಪ್ಪು. ತಿಂದು ಅರಗದೆ ಉಳಿದದ್ದು ಮಲ, ಅದರ ಕತೆ ಬೇರೆ. ವಿಸರ್ಜನೆ ಎಂದರೆ ಒಂದೊಂದು ಕೋಶವೂ ಬದುಕುತ್ತ ತನ್ನಲ್ಲೇ ಹುಟ್ಟಿಸುವ ವಿಷವನ್ನು ಹೊರಹಾಕುವುದು. ಇಪ್ಪತ್ತು ವರ್ಷ ಪಾಠ ಮಾಡಿದ ಮನುಷ್ಯನಿಗೆ ಇಷ್ಟೂ ತಿಳಿಯದೇ?

ಸೆಮಿನಾರಿನ ಬೆಳಗ್ಗೆ ಅಮ್ಮನಿಗೆ ಸೊಂಟ ಹಿಡಿದಿತ್ತು. ಬಕೆಟ್ಟನ್ನು ಸೆಲ್ವಿಯೇ ಹೊತ್ತು ಅಮ್ಮನ ಜೊತೆ ಸ್ಟಾಫ್ ಕಕ್ಕಸಿನವರೆಗೂ ಹೋದಳು. ಆಮೇಲೆ ಕೈ ತೊಳೆದು ತರಗತಿಗೆ ಬಂದಳು.

"ಹೈಡ್ರಾಗೆ ವಿಸರ್ಜನಾಂಗವೇ ಇಲ್ಲ," ಎಂದು ಶುರುಮಾಡಿದಳು. "ಎರಡೇ ಪದರದ ಆ ಪುಟ್ಟ ನೀರುಜೀವಿಯ ಪ್ರತಿ ಕೋಶವೂ ತನ್ನ ಹೊಲಸನ್ನು ತಾನೇ ನೀರಿಗೆ ಬಿಡುತ್ತದೆ. ಇನ್ನೊಂದು ಕೋಶವನ್ನು ಕರೆದು ಬಾಚು ಅನ್ನುವುದಿಲ್ಲ."

ದೇಹ ದಪ್ಪವಾದಂತೆ ಒಳಗಿನ ಕೋಶಗಳಿಗೆ ಹೊರಗಿನ ನೀರು ಎಟುಕದಾಯಿತು ಎಂದಳು. ಚಪ್ಪಟೆ ಹುಳುವಿನಲ್ಲಿ ದೀಪದ ಕುಡಿಯಂತೆ ಅಲುಗುವ ಜ್ವಾಲಾಕೋಶಗಳು, ಎರೆಹುಳುವಿನಲ್ಲಿ ಸುರುಳಿ ಸುತ್ತಿದ ನೆಫ್ರೀಡಿಯ ಕೊಳವೆಗಳು, ಜಿರಲೆಯ ಕರುಳಿಗಂಟಿದ ನೂಲಿನಂಥ ನಾಳಗಳು, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಳು. ಕೊನೆಗೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಿಂದ ತಂದಿದ್ದ ಸೀಗಡಿಯನ್ನು ಟ್ರೇಯಲ್ಲಿಟ್ಟು ಸೂಜಿ ತೋರಿಸಿದಳು.

"ಇದಕ್ಕೆ ಆ ಅಂಗ ಎಲ್ಲಿದೆ ನೋಡಿ. ತಲೆಯಲ್ಲಿ, ಮೀಸೆಯ ಬುಡದಲ್ಲಿ."

ಸುಧಾಕರ ಎದ್ದುಬಂದು ಬಗ್ಗಿ ನೋಡಿದ. ಮೇಷ್ಟ್ರು ಅಂಕದ ಹಾಳೆ ಎಳೆದುಕೊಂಡರು.

"ಚೆನ್ನಾಗೇ ಏಳ್ದೆ. ಅನುಭವ ಇರೋರು ಏಳಿದ್ರೆ ಅದ್ರ ಗತ್ತೇ ಬೇರೆ ಬುಡು."

ಮತ್ತೆ ನಗು. ಅಮ್ಮ ಹೇಳಿದ್ದು ನೆನಪಾಯಿತು. ನೆನಪಾದರೂ ಸೆಲ್ವಿಯ ಬಾಯಿ ನಿಲ್ಲಲಿಲ್ಲ.

"ಅನುಭವ ಯಾರ್ಗಿಲ್ಲ ಸಾರ್? ಬೆಳಗ್ಗೆ ನೀವೂ ಸ್ಟಾಫ್ ಕಕ್ಕಸಿಗೆ ಓಗಿದ್ರಿ. ನೀರೂ ಆಕ್ದೆ ಬಂದ್ರಿ. ಬಕೀಟು ಇಡ್ಕೊಂಡು ಬಾಗ್ಲಲ್ಲೇ ನಿಂತಿದ್ದೆ, ನೋಡ್ದೆ. ನಿಮ್ ಇಂದೇನೇ ನಮ್ಮಮ್ಮ ಒಳಗೋದ್ಲು."

ಯಾರೂ ನಗಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ, ಅವಳ ಹೆಸರಿನ ಮುಂದೆ ದೊಡ್ಡದೊಂದು ಸೊನ್ನೆ ಸುತ್ತಿದರು.

"ಪಾಠದಾಗೆ ಒಂದು ತಪ್ಪು ಇಡೀರಿ ಸಾರ್," ಸೆಲ್ವಿ ಟ್ರೇಯನ್ನು ಅವರ ಮುಂದಕ್ಕೆ ಸರಿಸಿದಳು. "ಒಂದೇ ಒಂದು. ಇಡುದ್ರೆ ಸೊನ್ನೆ ಇರ್ಲಿ."

ಮೇಷ್ಟ್ರು ಬೋರ್ಡು ನೋಡಿದರು. ಸೀಗಡಿ ನೋಡಿದರು. ತರಗತಿಯೆಲ್ಲ ಅವರನ್ನೇ ನೋಡುತ್ತಿತ್ತು. ಕೊನೆಗೆ ಮತ್ತೆ ತಲೆ ತಗ್ಗಿಸಿ, ಸೊನ್ನೆಯ ಎಡಕ್ಕೆ ಒಂದು ಗೆರೆ ಎಳೆದರು.

ಹತ್ತಕ್ಕೆ ಹತ್ತು ಬಂತು. ಸೆಲ್ವಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಸೊನ್ನೆ ಸುತ್ತುವುದು ಆ ಕೈಗೆ ಎಷ್ಟು ಸಲೀಸು ಎಂಬುದನ್ನು ಅವಳು ಕಣ್ಣಾರೆ ನೋಡಿದ್ದಳು.